ತಿಮ್ಮಕ್ಕ ಗುಡಿಸಿದ ಬಂಡೆ

ಜನವರಿ 17, 2025

ಈ ಡೈರಿ ನನ್ನದಲ್ಲ. ಪಶು ಆಹಾರದ ಕಂಪನಿಯೊಂದು ನನ್ನ ತಂಗಿ ಸೇವಂತಿಗೆ ಕೊಟ್ಟದ್ದು. ಪ್ರತಿ ಪುಟದ ಅಡಿಯಲ್ಲಿ ಹಸು ಸಾಕುವವರಿಗೊಂದು ಸಲಹೆ ಅಚ್ಚಾಗಿದೆ. ಇಂದಿನದು: "ಕಾಲು ನೋವಿರುವ ಹಸುವನ್ನು ಒರಟಾಗಿ ಎಬ್ಬಿಸಬೇಡಿ." ಅದನ್ನು ಸೇವಂತಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಹಸುವಾದ್ರೆ ಹಾಲಾದ್ರೂ ಕೊಡ್ತದೆ ಅಣ್ಣ," ಎಂದು ಹೇಳಿ ನೆಲ ಒರೆಸಲು ಹೋದಳು.

ಬಲಗಾಲಿಗೆ ಮೊಣಕಾಲಿನವರೆಗೆ ಪ್ಲಾಸ್ಟರ್ ಹಾಕಿದ್ದಾರೆ. ಆರು ವಾರ ಹೆಜ್ಜೆ ಊರಬಾರದಂತೆ. ಪುತ್ತೂರಿನಲ್ಲಿ ನನ್ನ ಬಾಡಿಗೆ ಮನೆ ಮೂರನೇ ಮಹಡಿಯಲ್ಲಿದೆ, ಅಲ್ಲಿ ನಾನೂ ನನ್ನ ಲೆನ್ಸುಗಳೂ ಮಾತ್ರ. ಹಾಗಾಗಿ ಕಡಬದ ಈ ಕಡೆ, ಹೊಳೆಯ ಬದಿಯಲ್ಲಿರುವ ತಂಗಿಯ ಮನೆಗೆ ನನ್ನನ್ನು ಜೀಪಿನಲ್ಲಿ ಹೇರಿ ತಂದು ಜಗಲಿಯಲ್ಲಿ ಇಳಿಸಿದ್ದಾರೆ.

ಊರಿಗೆಲ್ಲ ನಾನು ಹೇಳಿರುವುದು, ಶಿರಾಡಿಯ ಕಾಡಿನಲ್ಲಿ ಸಿಂಗಳೀಕಗಳ ಹಿಂಡನ್ನು ಬೆನ್ನಟ್ಟುವಾಗ ಬಂಡೆಯಿಂದ ಜಾರಿ ಬಿದ್ದೆ ಎಂದು. ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ನಿಜ ಬರೆಯುತ್ತೇನೆ. ಗುಂಡ್ಯದ ಹೋಟೆಲಿನಲ್ಲಿ ಎರಡು ಬನ್ಸ್ ತಿಂದು, ಕೈ ತೊಳೆದು, ಮಾಡಿನ ಮೇಲೆ ಕೂತಿದ್ದ ಒಂದು ಮಾಮೂಲಿ ಮಂಗನನ್ನು ನೋಡುತ್ತಾ ಮೂರು ಮೆಟ್ಟಿಲುಗಳನ್ನು ಎರಡೆಂದು ತಿಳಿದು ಇಳಿದೆ. ಇಪ್ಪತ್ತೆಂಟು ವರ್ಷ ನಾನು ಪ್ರಾಣಿಗಳನ್ನು ನೋಡಿದ್ದೇನೆ. ಒಂದು ಪ್ರಾಣಿ ನನ್ನನ್ನು ಅಷ್ಟು ಗಮನವಿಟ್ಟು ನೋಡಿದ್ದು ಅದೇ ಮೊದಲು.

ಜನವರಿ 19

ಕುಂಞಿ ಮೋನು ಬಂದಿದ್ದ. ಒಂದನೇ ಕ್ಲಾಸಿನಿಂದ ನನ್ನ ಜೊತೆಗಿದ್ದವ. ಸೌದಿಯ ದಮ್ಮಾಮಿನಲ್ಲಿ ಇಪ್ಪತ್ತೆರಡು ವರ್ಷ ಲಾರಿ ಓಡಿಸಿ ಬಂದು, ಈಗ ಇಲ್ಲಿಯ ಜಂಕ್ಷನಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಅವನ ಹೆಂಡತಿ ಝೈನಬ ತಟ್ಟಿ ಕಳಿಸಿದ ಅಕ್ಕಿ ಪತ್ತಿರಿಯ ಡಬ್ಬವನ್ನು ನನ್ನ ಹೊಟ್ಟೆಯ ಮೇಲಿಟ್ಟು ಕೂತ.

"ಎಂತ ಮಾರಾಯ, ಸಿಂಗಳೀಕ ದೂಡಿ ಹಾಕಿತಂತೆ?"

"ಬೆನ್ನಟ್ಟುವಾಗ ಜಾರಿದ್ದು."

"ಹಾಗಾ? ಗುಂಡ್ಯದ ಹೋಟ್ಲಿನವ ನನ್ನ ಭಾವನ ದೋಸ್ತಿ. ಬನ್ಸ್ ಹೇಗಿತ್ತು?"

ಇವನಿಗೆ ನನ್ನ ಮೇಲೆ ಹಳೆಯ ಹಗೆ. 1997ರಲ್ಲಿ ನಾನು ಪುತ್ತೂರಿನ ಸ್ಟುಡಿಯೋ ಒಂದರಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದೆ. ಇವನ ಮದುವೆಗೂ ನಾನೇ ಹೋದದ್ದು. ಮದುಮಗನನ್ನೂ ಅವನ ದೋಸ್ತಿಗಳನ್ನೂ ಹೊಳೆ ಬದಿಯಲ್ಲಿ ಸಾಲಾಗಿ ನಿಲ್ಲಿಸಿದ್ದೆ. ಹಿಂದಿನ ಕೊಂಬೆಗೆ ಒಂದು ಮಿಂಚುಳ್ಳಿ ಬಂದು ಕೂತಿತು. ಆಮೇಲೆ ನಡೆದದ್ದು ನನಗೂ ಸರಿಯಾಗಿ ನೆನಪಿಲ್ಲ. ಫಿಲ್ಮ್ ತೊಳೆದು ನೋಡಿದರೆ ಮಿಂಚುಳ್ಳಿಯ ಕೊಕ್ಕಿನಲ್ಲಿದ್ದ ಮೀನಿನ ಕಣ್ಣು ಕೂಡ ಸ್ಪಷ್ಟವಾಗಿತ್ತು, ಮದುಮಗ ಮಾತ್ರ ಮಂಜಿನಲ್ಲಿ ನಿಂತ ಕಂಬದಂತಿದ್ದ. ಆ ಚಿತ್ರಕ್ಕೆ ನನಗೆ ಬಹುಮಾನ ಬಂತು. ಅಂದಿನಿಂದ ನಾನು ಮನುಷ್ಯರ ಫೋಟೋ ತೆಗೆದಿಲ್ಲ. ಯಾರೂ ತೆಗೆಯಲು ಕರೆದದ್ದೂ ಇಲ್ಲ.

ಕರೆಯದಿದ್ದದ್ದು ಒಳ್ಳೆಯದೇ ಆಯಿತು. ನನ್ನ ಕಸುಬಿಗೆ ಇರುವುದು ಒಂದೇ ನಿಯಮ, ಚೌಕಟ್ಟಿನೊಳಗೆ ಮನುಷ್ಯನ ಸುಳಿವು ಇರಬಾರದು. ತಂತಿ, ಚಪ್ಪಲಿ, ಒಣಹಾಕಿದ ಲುಂಗಿ, ಏನೂ ಕೂಡದು. ದೂರದಲ್ಲಿ ಒಂದು ವಿದ್ಯುತ್ ಕಂಬ ಕಂಡಿತೆಂದು ನಾನು ಒಂದು ದಾಸ ಮಂಗಟ್ಟೆಯನ್ನೇ ಬಿಟ್ಟುಬಿಟ್ಟಿದ್ದೇನೆ. ಆ ಹಕ್ಕಿ ಮತ್ತೆ ಸಿಕ್ಕಿಲ್ಲ. ಪುತ್ತೂರಿನ ಕಾಲೇಜಿನಲ್ಲಿ ಈ ಕಥೆ ಹೇಳಿದಾಗ ಮಕ್ಕಳು ಚಪ್ಪಾಳೆ ತಟ್ಟಿದ್ದರು.

ಜನವರಿ 22

ಒಂದು ವಿಷಯ ಬರೆದಿಡಬೇಕು, ಇಲ್ಲದಿದ್ದರೆ ಅದು ತಲೆಯೊಳಗೇ ಸುತ್ತುತ್ತದೆ.

ಈ ಮನೆಯ ಕೆಳಗೆ ಹೊಳೆ ತಿರುಗುವಲ್ಲಿ ಅತ್ತಿಕಯ ಇದೆ. ಕಯ ಎಂದರೆ ಬೇಸಿಗೆಯಲ್ಲೂ ಬತ್ತದ ಆಳದ ಗುಂಡಿ. ದಡದಲ್ಲೊಂದು ಅತ್ತಿಮರ, ಅದರ ಎದುರಿಗೆ ಚಪ್ಪಟೆಯಾದ ಬಂಡೆ. ಆ ಬಂಡೆಗೆ ಬರುವುದು ಕಿರುಉಗುರಿನ ನೀರುನಾಯಿಗಳ ಒಂದು ಸಂಸಾರ. ಏಡಿ ತಿಂದು ಬದುಕುವ, ಬೆಕ್ಕಿಗಿಂತ ಸ್ವಲ್ಪ ಉದ್ದದ ಜೀವಗಳು, ಅಳಿವಿನ ದಾರಿ ಹಿಡಿದವು. ಮೇಲಿನ ಕಯಗಳಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿದವರು ಅವುಗಳನ್ನು ಓಡಿಸಿದರು. ಕೆಳಗಿನವು ಮರಳು ತೆಗೆಯುವವರ ಕಾಲಕ್ಕೆ ಹೋದವು. ನನಗೆ ಗೊತ್ತಿರುವಂತೆ ಈ ಹೊಳೆಯಲ್ಲಿ ಉಳಿದಿರುವುದು ಇದೊಂದೇ ಸಂಸಾರ. 2014ರಲ್ಲಿ ತಾಯಿಯೂ ನಾಲ್ಕು ಮರಿಗಳೂ ಇರುವ ಚಿತ್ರ ತೆಗೆದೆ. ನನ್ನ ಹೆಸರು ನಾಲ್ಕು ಜನಕ್ಕೆ ಗೊತ್ತಿರುವುದು ಆ ಚಿತ್ರದಿಂದ.

ಈಗ ಒಂದು ಕಂಪನಿ ಅಲ್ಲಿ ದೋಣಿವಿಹಾರ ಕೇಂದ್ರ ಮಾಡಲು ಹೊರಟಿದೆ. ಬಂಡೆ ಒಡೆದು ಕಟ್ಟೆ ಕಟ್ಟುತ್ತಾರಂತೆ. ಅಲ್ಲಿ ನೀರುನಾಯಿ ಇದೆಯೋ ಇಲ್ಲವೋ ಎಂದು ತೀರ್ಮಾನಿಸಲು ಮೂವರ ಸಮಿತಿ ಇದೆ. ಅದರ ಕಾರ್ಯದರ್ಶಿ ಅಭಿರಾಮ್ ಇಂದು ಫೋನ್ ಮಾಡಿದ್ದರು. ನನ್ನ 2014ರ ಚಿತ್ರವನ್ನು ಸಮಿತಿ ಒಪ್ಪಲಿಲ್ಲವಂತೆ.

"ಫೋಟೋ ತುಂಬಾ ಚಂದ ಉಂಟು ಸರ್. ಆದ್ರೆ ಕಂಪನಿಯವ್ರು ಕೊಡಗಿನ ಯಾವುದೋ ಹೋಂಸ್ಟೇಯ ಕ್ಯಾಲೆಂಡರ್ ತಂದು ತೋರಿಸಿದ್ರು. ಅದ್ರಲ್ಲಿಯೂ ಇದೇ ಫೋಟೋ ಉಂಟು, 'ನಮ್ಮ ಹೊಳೆಯ ಅತಿಥಿಗಳು' ಅಂತ ಬರ್ದಿದ್ದಾರೆ."

"ನನ್ನ ಕೇಳದೆ ಹಾಕಿದ್ದದು! ಅದು ಅತ್ತಿಕಯದ್ದೇ."

"ನನಗೆ ಗೊತ್ತುಂಟು ಸರ್. ಆದ್ರೆ ಅತ್ತಿಕಯ ಅಂತ ಹೇಳ್ಲಿಕ್ಕೆ ಆ ಫೋಟೋದಲ್ಲಿ ಎಂತ ಉಂಟು?"

"ಬಂಡೆ ಉಂಟು."

"ಬಂಡೆ ಎಲ್ಲ ಕಡೆಯೂ ಉಂಟಲ್ಲ ಸರ್."

ಫೆಬ್ರವರಿ 28ಕ್ಕೆ ಸಮಿತಿ ಸ್ಥಳಕ್ಕೆ ಬರುತ್ತದೆ. ಅಷ್ಟರೊಳಗೆ ಹೊಸ ಚಿತ್ರ ಬೇಕು. ನಾನು ಇಲ್ಲಿ ಕಾಲು ಚಾಚಿ ಮಲಗಿ ಹೊಳೆಯ ಸದ್ದು ಕೇಳುತ್ತಿದ್ದೇನೆ. ನನಗೆ ಭಯವಾಗಿದೆ. ಬಾಯಿಬಿಟ್ಟು ಯಾರಿಗೂ ಹೇಳಿಲ್ಲ, ಇಲ್ಲಿ ಬರೆದಿದ್ದೇನೆ.

ಜನವರಿ 24

ಕ್ಯಾಮರಾವನ್ನು ಮೋನು ಅತ್ತಿಮರಕ್ಕೆ ಕಟ್ಟಿ ಬಂದ. ಎದುರಿಗೆ ಏನಾದರೂ ಅಲ್ಲಾಡಿದರೆ ತಾನಾಗಿ ಕ್ಲಿಕ್ ಮಾಡುವ ಪೆಟ್ಟಿಗೆ ಅದು. ಹೇಗೆ ಕಟ್ಟಬೇಕೆಂದು ಹದಿನಾಲ್ಕು ಸೂಚನೆಗಳನ್ನು ಬರೆದುಕೊಟ್ಟಿದ್ದೆ. ಅವನು ಅದರ ಜೆರಾಕ್ಸ್ ತೆಗೆದು ಒಂದು ಪ್ರತಿಯನ್ನು ನನಗೇ ವಾಪಸು ಕೊಟ್ಟ. "ನೀನೇ ಓದಿ ನೋಡು, ಮನುಷ್ಯನಿಗೆ ಅರ್ಥ ಆಗ್ತದಾ ಅಂತ."

ಜನವರಿ 29

ಮೊದಲ ಕಾರ್ಡ್ ಬಂತು. 1,312 ಚಿತ್ರಗಳು. ಲ್ಯಾಪ್‌ಟಾಪಿನ ಎದುರು ಕೂತು ಒಂದೊಂದನ್ನೇ ನೋಡಿದೆ. 62 ಚಿತ್ರಗಳಲ್ಲಿ ಕುಂಞಿ ಮೋನುವಿನ ಮೂಗು. ನೂರ ಚಿಲ್ಲರೆಯಲ್ಲಿ ಒಂದು ದನ, ಅದು ಪೆಟ್ಟಿಗೆಯನ್ನು ನೆಕ್ಕಿದೆ. ಉಳಿದ ಎಲ್ಲವುಗಳಲ್ಲಿ ತಿಮ್ಮಕ್ಕ.

ತಿಮ್ಮಕ್ಕ ಪಕ್ಕದ ಮನೆಯವರು. ವಯಸ್ಸು ಅರವತ್ತು ದಾಟಿದೆ, ಗಂಟಲಿಗೆ ವಯಸ್ಸಾಗಿಲ್ಲ. ಮನೆಯಲ್ಲಿ ನಳ್ಳಿ ಇದ್ದರೂ ದಿನಾ ಬೆಳಿಗ್ಗೆ ಬಟ್ಟೆ ಒಗೆಯುವುದು ಆ ಬಂಡೆಯ ಮೇಲೆಯೇ. ಅವರ ಲೆಕ್ಕದಲ್ಲಿ ಬಂಡೆ ಅವರದು, ನೀರುನಾಯಿಗಳು ಬಂದುಹೋಗುವ ನೆಂಟರು. ಮೊದಲ ದಿನದ ಚಿತ್ರಗಳಲ್ಲಿ ತಿಮ್ಮಕ್ಕ ನೈಟಿಯಲ್ಲಿದ್ದಾರೆ. ಎರಡನೇ ದಿನ ಪೆಟ್ಟಿಗೆಯನ್ನು ಹತ್ತಿರದಿಂದ ನೋಡಿದ್ದಾರೆ. ಮೂರನೇ ದಿನದಿಂದ ಸೀರೆ. ಐದನೇ ದಿನ ರೇಷ್ಮೆ ಸೀರೆ, ತಲೆಗೆ ಅಬ್ಬಲಿಗೆ ಹೂ, ಕೈಯಲ್ಲಿ ಒಗೆಯುವ ಸೋಪು.

ನೀರುನಾಯಿ ಒಂದೂ ಇಲ್ಲ.

ಜನವರಿ 30

ತಿಮ್ಮಕ್ಕ ತಾವಾಗಿಯೇ ಬಂದರು. ಕೈಯಲ್ಲಿ ದೋಣಿವಿಹಾರ ಕಂಪನಿಯವರು ಮನೆಮನೆಗೆ ಹಂಚಿದ ಬಣ್ಣದ ಪುಸ್ತಿಕೆ ಇತ್ತು. ಅದರ ಮುಖಪುಟದಲ್ಲಿ ತಿಮ್ಮಕ್ಕನೇ ಇದ್ದಾರೆ, ಬಂಡೆಯ ಮೇಲೆ, ತಲೆಗೆ ಟವೆಲು ಸುತ್ತಿಕೊಂಡು, ಪಕ್ಕದಲ್ಲಿ ಕೆಂಪು ಬಾಲ್ದಿ. ಕೆಳಗೆ ದಪ್ಪಕ್ಷರದಲ್ಲಿ "ಅತ್ತಿಕಯ: ಸ್ಥಳೀಯರ ನಗುಮುಖ" ಎಂದು ಅಚ್ಚಾಗಿದೆ.

"ನೋಡು ತೀರ್ಥ, ನನ್ನತ್ರ ಕೇಳದೆ ತೆಗ್ದದ್ದು. ನೈಟಿಯಲ್ಲಿ! ತಲೆಗೆ ಬೈರಾಸು! ತಾಲೂಕು ಇಡೀ ಹಂಚಿದ್ದಾರೆ."

"ನಗು ಚಂದ ಬಂದಿದೆ ತಿಮ್ಮಕ್ಕ."

"ನಾನು ನಗ್ತಾ ಇದ್ದದ್ದಲ್ಲ. ಅವನಿಗೆ ಬೈತಾ ಇದ್ದದ್ದು."

ಸೇವಂತಿ ಒಳಗೆ ಓಡಿದಳು, ಅಡುಗೆಮನೆಯಿಂದ ಅವಳ ನಗು ಕೇಳಿಸುತ್ತಿತ್ತು. ನನ್ನ ಪೆಟ್ಟಿಗೆ ನೀರುನಾಯಿಗಾಗಿ ಇಟ್ಟದ್ದೆಂದು ತಿಮ್ಮಕ್ಕನಿಗೆ ವಿವರಿಸಿದೆ. ಆ ಚಿತ್ರವನ್ನು ದೊಡ್ಡ ಅಧಿಕಾರಿಗಳು ನೋಡುತ್ತಾರೆ, ಅದು ಸಿಕ್ಕದಿದ್ದರೆ ಬಂಡೆಗೆ ಮದ್ದಿಡುತ್ತಾರೆ ಎಂದೂ ಹೇಳಿದೆ. ತಿಮ್ಮಕ್ಕ ಎಲ್ಲವನ್ನೂ ಕೇಳಿದರು.

"ಅಧಿಕಾರಿಗಳು ನೋಡುದಾ? ಆಯ್ತು. ಅವುಗಳ ಎಡೆಯಲ್ಲಿ ನನ್ನದೂ ಒಂದು ಒಳ್ಳೆದು ಬರ್ಲಿ."

ಒಂದು ತಿಂಗಳು ಬಂಡೆಯ ಕಡೆ ಹೋಗಬೇಡಿ ಎಂದು ಹೇಳಬೇಕೆಂದಿದ್ದೆ. ಹೇಳಲು ಧೈರ್ಯ ಬರಲಿಲ್ಲ. ಕಾಳಿಂಗದ ಎದುರು ಮೂರಡಿ ದೂರದಲ್ಲಿ ಮಲಗಿ ಚಿತ್ರ ತೆಗೆದವನು ನಾನು.

ಫೆಬ್ರವರಿ 6

ಸಿಕ್ಕಿತು! ಅಂದರೆ, ಹಿಂಭಾಗ ಸಿಕ್ಕಿತು. ಒಂದು ಬಾಲ, ಎರಡು ಹಿಂಗಾಲು, ನೀರಿಗೆ ಧುಮುಕುವ ಹೊತ್ತು. ಆದರೂ ಕೂಗಿಬಿಟ್ಟೆ. ಸೇವಂತಿ ನಾನು ಮಂಚದಿಂದ ಬಿದ್ದೆನೆಂದು ಹೆದರಿ ಸೌಟು ಹಿಡಿದುಕೊಂಡೇ ಓಡಿ ಬಂದಳು.

ಅಭಿರಾಮ್‌ಗೆ ಕಳಿಸಿದೆ. ಸಂಜೆ ಉತ್ತರ ಬಂತು. ಕಂಪನಿಯವರು ಇದು ಮುಂಗುಸಿ ಎನ್ನುತ್ತಿದ್ದಾರಂತೆ. "ಮುಂಗುಸಿ ಅಲ್ಲ ಅಂತ ನಾನು ಹೇಳ್ತೇನೆ ಸರ್. ಆದ್ರೆ ಜಾಗದ ಗುರುತು ಸಿಗುವಂಥದ್ದು ಏನಾದ್ರೂ ಫೋಟೋದಲ್ಲಿ ಬಂದ್ರೆ ಒಳ್ಳೆದಿತ್ತು."

ಜಾಗದ ಗುರುತಂತೆ! ಇಪ್ಪತ್ತೆಂಟು ವರ್ಷ ನಾನು ಅದನ್ನೇ ಚೌಕಟ್ಟಿನಿಂದ ಹೊರಗೆ ಹಾಕುತ್ತಾ ಬಂದವನು.

"ನನ್ನ ಅಂಗಡಿಯ ಬೋರ್ಡು ಇಡುವನಾ?" ಎಂದ ಮೋನು. "ಜಾಗವೂ ಗೊತ್ತಾಗ್ತದೆ, ನನಗೂ ನಾಲ್ಕು ಜನ ಬರ್ತಾರೆ."

ಪೆಟ್ಟಿಗೆಯನ್ನು ಇನ್ನೂ ಸ್ವಲ್ಪ ಕೆಳಗೆ ಬಾಗಿಸಲು ಅವನಿಗೆ ಹೇಳಿದೆ. ಮೇಲಿನ ಮೂಲೆಯಲ್ಲಿ ತಿಮ್ಮಕ್ಕನ ಬಟ್ಟೆಯ ಹಗ್ಗ ಕಾಣುತ್ತಿತ್ತು.

ಫೆಬ್ರವರಿ 12

ದನ. ಕಾಗೆ. ತಿಮ್ಮಕ್ಕ. ದನ.

ಇಂದಿನ ಸಲಹೆ: "ಕರೆಯುವ ಹೊತ್ತಿನಲ್ಲಿ ಶಾಂತವಾಗಿರಿ, ಇಲ್ಲದಿದ್ದರೆ ಹಸು ಹಾಲು ಬಿಡುವುದಿಲ್ಲ."

ಫೆಬ್ರವರಿ 15

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟವಾದರೆ ಆಗಲಿ.

ನಿನ್ನೆ ಬೆಳಗಿನ ಚಿತ್ರಗಳನ್ನು ಮೋನು ತಂದ. 7.02ಕ್ಕೆ ತಿಮ್ಮಕ್ಕ ಹಿಡಿಸೂಡಿ ಹಿಡಿದು ಬಂಡೆಗೆ ಬರುತ್ತಾರೆ. 7.05ಕ್ಕೆ ಗುಡಿಸುತ್ತಾರೆ. 7.11ಕ್ಕೆ ಕೆಂಪು ಬಾಲ್ದಿಯಲ್ಲಿ ಸೆಗಣಿ ನೀರು ತಂದು ಹೊಯ್ದು ಬಂಡೆಯನ್ನು ಇಡೀ ಸಾರಿಸುತ್ತಾರೆ. 7.40ಕ್ಕೆ, ಒಣಗಿದ ಮೇಲೆ, ಎಂಟು ಎಸಳಿನ ರಂಗೋಲಿ ಹಾಕುತ್ತಾರೆ.

ಆ ಬಂಡೆಯ ಮೇಲೆ ನೀರುನಾಯಿಗಳ ಹಿಕ್ಕೆಯ ರಾಶಿ ಇತ್ತು. ಏಡಿಯ ಚಿಪ್ಪು ತುಂಬಿದ ಹಿಕ್ಕೆ. ಸಂಸಾರವೆಲ್ಲ ಒಂದೇ ಕಡೆ ಹಾಕುತ್ತದೆ, ಮೂಸಿ ನೋಡಿ ಯಾರು ಬಂದರು ಯಾರು ಹೋದರು ಎಂದು ತಿಳಿಯುತ್ತದೆ. ಅವು ಆ ಬಂಡೆಗೆ ಬರುವುದೇ ಅದಕ್ಕಾಗಿ. ಅವುಗಳು ಇಲ್ಲಿವೆ ಎನ್ನಲು ನನಗೆ ಉಳಿದಿದ್ದ ಸಾಕ್ಷಿಯೂ ಅದೇ. ಅದನ್ನು ಗುಡಿಸಿ ಹೊಳೆಗೆ ಹಾಕಿದ್ದಾರೆ.

ಜಗಲಿಯಿಂದಲೇ ಕೂಗಿದೆ. ತಿಮ್ಮಕ್ಕ ಅಂಗಳಕ್ಕೆ ಬಂದು ನಿಂತರು.

"ಯಾಕೆ ಗುಡಿಸಿದ್ದು ತಿಮ್ಮಕ್ಕ? ಯಾರು ಹೇಳಿದ್ದು ನಿಮ್ಮತ್ರ?"

"ಹೇಳುದು ಎಂತಕ್ಕೆ? ದೊಡ್ಡವ್ರು ನೋಡುವ ಫೋಟೋದಲ್ಲಿ ಹೇಲು ಕಾಣುದಾ? ಅತ್ತಿಕಯದವ್ರು ಹೀಗೆ ಅಂತ ಹೇಳುದಿಲ್ವಾ?"

"ಆ ಹೇಲೇ ಬೇಕಿತ್ತು ನನಗೆ!"

ಇದನ್ನು ನಾನು ರಸ್ತೆಯವರೆಗೆ ಕೇಳುವ ಹಾಗೆ ಕಿರುಚಿದೆ. ಜಂಕ್ಷನಿಗೆ ಹೋಗುತ್ತಿದ್ದ ಇಬ್ಬರು ನಿಂತು ನೋಡಿದರು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ನನ್ನ ಇಪ್ಪತ್ತೆಂಟು ವರ್ಷವನ್ನು ಹಿಡಿಸೂಡಿಯಲ್ಲಿ ಗುಡಿಸಿದಿರಿ ಎಂದೆ. ನೀವು ಆ ಬಂಡೆಗೆ ಬರುವುದೇ ಪೀಡೆ ಎಂದೆ. ತಿಮ್ಮಕ್ಕನ ಮುಖ ಸಣ್ಣದಾಯಿತು. ಮನೆಯ ಕಡೆ ತಿರುಗಿಕೊಂಡು ಹೇಳಿದರು.

"ಹಿಡಿಸೂಡಿ, ಬಾಲ್ದಿ ಅಲ್ಲೇ ಉಂಟು. ಅಲ್ಲೇ ಇರ್ಲಿ. ನಾನಿನ್ನು ಆ ಬಂಡೆಗೆ ಕಾಲಿಡುದಿಲ್ಲ."

ನಾನು ಹೇಳಿದ್ದರಲ್ಲಿ ತಪ್ಪೇನಿಲ್ಲ.

ಫೆಬ್ರವರಿ 16

ಸೇವಂತಿ ಮಾತನಾಡುತ್ತಿಲ್ಲ. ಗಂಜಿ ತಂದಿಟ್ಟಳು, ಉಪ್ಪಿನಕಾಯಿ ಇರಲಿಲ್ಲ. ಕೇಳಲಿಲ್ಲ.

ಫೆಬ್ರವರಿ 18

ಬೆಳಿಗ್ಗೆ ಆರೂಮುಕ್ಕಾಲಿಗೆ ಎಚ್ಚರವಾಗುವುದು ಬಟ್ಟೆ ಒಗೆಯುವ ಸದ್ದಿನಿಂದ. ಅದು ಮೂರು ದಿನಗಳಿಂದ ಇಲ್ಲ. ಎಂಟಕ್ಕೆ ಎದ್ದೆ, ಇಡೀ ದಿನ ತಲೆ ಭಾರ.

ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಲ್ಯಾಪ್‌ಟಾಪಿನಲ್ಲಿರುವ ತಿಮ್ಮಕ್ಕನ ಚಿತ್ರಗಳನ್ನು ಅಳಿಸಲು ಕೂತೆ. ಮೂರು ಸಾವಿರಕ್ಕೂ ಹೆಚ್ಚಿವೆ. ಒಂದರಲ್ಲಿ ಬಟ್ಟೆ ಹಿಂಡುತ್ತಾ ಯಾರೊಡನೆಯೋ ಜಗಳ, ಆದರೆ ಅಲ್ಲಿ ಯಾರೂ ಇಲ್ಲ, ದನ ಮಾತ್ರ. ಇನ್ನೊಂದರಲ್ಲಿ ಕೆಲಸ ಮುಗಿಸಿ ಬಂಡೆಯ ಅಂಚಿನಲ್ಲಿ ಕೂತು, ಕಾಲು ನೀರಿಗಿಳಿಸಿ, ಸ್ಟೀಲ್ ಲೋಟದಲ್ಲಿ ಚಹಾ ಕುಡಿಯುತ್ತಾ ಆಚೆ ದಡ ನೋಡುತ್ತಿದ್ದಾರೆ. ಬೆಳಕು ಎಡಗಡೆಯಿಂದ ಬಿದ್ದಿದೆ. ಪೆಟ್ಟಿಗೆ ತಾನಾಗಿ ತೆಗೆದದ್ದಾದರೂ ಬೆಳಕಿನ ಅಳತೆ ಸರಿಯಾಗಿ ಬಂದಿದೆ, ಅಷ್ಟೇ.

ಮಧ್ಯಾಹ್ನದವರೆಗೂ ನೋಡಿದೆ. ನಾಳೆ ಅಳಿಸುತ್ತೇನೆ.

ಫೆಬ್ರವರಿ 21

ಇಂದಿನದನ್ನು ನಿಧಾನವಾಗಿ ಬರೆಯಬೇಕು.

ಮೋನು ಕಾರ್ಡ್ ತಂದ. ಮೊನ್ನೆ, 19ರ ಬೆಳಿಗ್ಗೆ 7.10. ಬಂಡೆಯ ಮೇಲೆ ಐದು ನೀರುನಾಯಿಗಳು! ತಮ್ಮ ಗುರುತು ಅಳಿಸಿ ಹೋದದ್ದು ಕಂಡು ಸಂಸಾರವೇ ಗಾಬರಿಯಾಗಿ ಬಂದು, ಸೆಗಣಿ ಸಾರಿಸಿದ ಬಂಡೆಯನ್ನು ಮೂಲೆಮೂಲೆಗೂ ಮೂಸಿ, ಹೊಸದಾಗಿ ಗುರುತು ಹಾಕಲು ನಿಂತಿದೆ. ಒಂದು ಮರಿ ಕೆಂಪು ಬಾಲ್ದಿಯೊಳಗೆ ಇಳಿದು ತಲೆ ಮಾತ್ರ ಹೊರಗಿಟ್ಟಿದೆ. ಇನ್ನೊಂದು ಹಿಡಿಸೂಡಿಯನ್ನು ಕಚ್ಚಿ ಎಳೆಯುತ್ತಿದೆ. ತಾಯಿ ರಂಗೋಲಿಯ ನಟ್ಟನಡುವೆ ಬಾಲ ಎತ್ತಿ ಕೂತಿದೆ.

ನಾನು ಅತ್ತೆ. ಮೋನು ನೋಡದ ಹಾಗೆ ಅಂದುಕೊಂಡಿದ್ದೆ, ಅವನು ಬೈರಾಸು ತಂದುಕೊಟ್ಟ.

ಆಮೇಲೆ ಎರಡು ಗಂಟೆ ಕೂತು ಚಿತ್ರವನ್ನು ತಿದ್ದಿದೆ. ಬಾಲ್ದಿ ಹೋಯಿತು, ಹಿಡಿಸೂಡಿ ಹೋಯಿತು, ರಂಗೋಲಿಯ ಅಂಚು ಹೋಯಿತು. ಕೊನೆಗೆ ಉಳಿದದ್ದು ಎರಡು ನೀರುನಾಯಿ, ಹಿಂದೆ ಹಸಿರು ನೀರು. ಅಷ್ಟು ಚಂದದ ಚಿತ್ರ ನನ್ನ ಇಡೀ ಕಸುಬಿನಲ್ಲಿ ಇಲ್ಲ. ಕಳಿಸಲು ಬೆರಳು ಇಟ್ಟಿದ್ದೆ.

ಆರು ದಿನಗಳಿಂದ ಮಾತನಾಡದ ಸೇವಂತಿ ಬಂದು ಲ್ಯಾಪ್‌ಟಾಪಿನ ಪಕ್ಕದಲ್ಲಿ ಕಂಪನಿಯವರ ಪುಸ್ತಿಕೆಯನ್ನು ಇಟ್ಟಳು. ಮುಖಪುಟದ ಬಾಲ್ದಿಯ ಮೇಲೆ ಬೆರಳಿಟ್ಟಳು. ಮುರಿದ ಹಿಡಿಕೆಯ ಬದಲು ಹಳದಿ ಪ್ಲಾಸ್ಟಿಕ್ ಹಗ್ಗ ಕಟ್ಟಿದ ಕೆಂಪು ಬಾಲ್ದಿ. ಬಂಡೆಯಲ್ಲಿ ಸೋಪು ಇಡುವ ಸಣ್ಣ ಹೊಂಡ. ಕಾರ್ಡಿನಲ್ಲಿ ಬಂದ ಚಿತ್ರದಲ್ಲೂ ಇವೆರಡೂ ಇದ್ದವು. ಆಮೇಲೆ ಅದೇ ಬೆರಳನ್ನು ಪರದೆಯ ಮೇಲಿಟ್ಟಳು. ನಾನು ತಿದ್ದಿದ ಚಿತ್ರದಲ್ಲಿ ಅಲ್ಲಿ ನೀರು ಮಾತ್ರ ಇತ್ತು.

"ಯಾಕೆ ಅಣ್ಣ, ಬಾಲ್ದಿಗೆ ನಾಚಿಕೆಯಾ?" ಎಂದು ಕೇಳಿ ಒಳಗೆ ಹೋದಳು.

ಇಡೀ ಚಿತ್ರವನ್ನೇ ಕಳಿಸಿದೆ. ತಿದ್ದಿದ್ದನ್ನು ಎಲ್ಲಿ ಉಳಿಸಿದ್ದೇನೆಂದು ಹುಡುಕುತ್ತಾ ಕೂರಲು ತಾಳ್ಮೆ ಇರಲಿಲ್ಲ.

ಫೆಬ್ರವರಿ 24

ಅಭಿರಾಮ್ ಫೋನಿನಲ್ಲಿ ಎರಡು ನಿಮಿಷ ಬರೇ ನಕ್ಕರು. ಆಮೇಲೆ, "ಸರ್, ಬಾಲ್ದಿಯ ವಾರಸುದಾರರು 28ಕ್ಕೆ ಸ್ಥಳದಲ್ಲಿ ಇರ್ಬೇಕು," ಎಂದರು.

ವಾರಸುದಾರರು ನನ್ನ ಮುಖ ನೋಡದೆ ಒಂಬತ್ತು ದಿನ ಆಗಿದೆ.

ಮೋನುವಿಗೆ ಒಂದು ಪ್ರಿಂಟ್ ಹಾಕಿಸಲು ಹೇಳಿದೆ. ಯಾವುದು ಎಂದು ಕೇಳಿದ. ಆ ಚಹಾದ್ದು ಎಂದೆ. ಒಳ್ಳೆಯ ಕಾಗದದಲ್ಲಿ ಹಾಕು, ಜೆರಾಕ್ಸ್ ಕಾಗದ ಬೇಡ ಎಂದೂ ಹೇಳಿದೆ.

ಊರುಗೋಲು ಹಿಡಿದು ತಿಮ್ಮಕ್ಕನ ಮನೆಗೆ ಹೋದೆ. ನಲವತ್ತು ಹೆಜ್ಜೆಗೆ ಅರ್ಧ ಗಂಟೆ ಬೇಕಾಯಿತು. ಮೆಟ್ಟಿಲು ಮೂರು, ಸರಿಯಾಗಿ ಎಣಿಸಿದೆ. ತಿಮ್ಮಕ್ಕ ಒಳಗಿನಿಂದಲೇ, "ಪೀಡೆಯ ಮನೆಗೆ ಎಂತಕ್ಕೆ ಬಂದದ್ದು?" ಎಂದರು.

"ತಪ್ಪಾಯ್ತು ತಿಮ್ಮಕ್ಕ. ನಾನು ಹೇಳಿದ್ದು ಸರಿಯಲ್ಲ. ನನಗೆ ಅವು ಹೋಗ್ತಾವೆ ಅಂತ ಹೆದ್ರಿಕೆ ಆಗಿತ್ತು, ಅದನ್ನು ನಿಮ್ಮ ಮೇಲೆ ಹಾಕಿದೆ."

ಹೊರಗೆ ಬಂದರು. ಚಿತ್ರ ಕೊಟ್ಟೆ. ಕನ್ನಡಕ ತರಿಸಿಕೊಂಡು, ಬೆಳಕಿಗೆ ಹಿಡಿದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದ್ರಲ್ಲಿ ನೈಟಿ ಇಲ್ಲ," ಎಂದರು. ಆಮೇಲೆ, "ನಾನು ಹೀಗೆ ಕೂರುದಾ? ನನಗೇ ಗೊತ್ತಿರ್ಲಿಲ್ಲ."

ನೀರುನಾಯಿಗಳ ಚಿತ್ರವನ್ನೂ ತೋರಿಸಿದೆ. ನೀವು ಗುಡಿಸಿದ್ದಕ್ಕೇ ಅವು ಎಲ್ಲ ಸೇರಿ ಬಂದದ್ದು ಎಂದೆ.

"ಇದು ನನ್ನ ರಂಗೋಲಿಯ ಮೇಲೆಯೇ ಕೂತದ್ದಾ?"

"ಹೌದು."

"ನಡುವಿಗೇ?"

"ನಡುವಿಗೇ."

ತಿಮ್ಮಕ್ಕ ಬಾಗಿಲ ದಾರಂದ ಹಿಡಿದುಕೊಂಡು ನಕ್ಕರು, ನಕ್ಕು ಕೆಮ್ಮಿದರು, ಮತ್ತೆ ನಕ್ಕರು. ನನಗೆ ಚಹಾ ಸಿಕ್ಕಿತು. ಸ್ಟೀಲ್ ಲೋಟ, ಅದೇ.

ಫೆಬ್ರವರಿ 28

ಕೆಳಗೆ ಇಳಿಯಲು ಡಾಕ್ಟರು ಬಿಡಲಿಲ್ಲ, ಪ್ಲಾಸ್ಟರ್ ಇನ್ನೊಂದು ವಾರ ಇರಲಿ ಎಂದಿದ್ದಾರೆ. ನನ್ನ ಬದುಕಿನ ಅತಿ ದೊಡ್ಡ ದಿನ ನಾನು ಜಗಲಿಯಲ್ಲಿ ಉಗುರು ಕಚ್ಚುತ್ತಾ ಕೂತಿದ್ದೆ. ಮೋನು ಬಂದು ಎಲ್ಲವನ್ನೂ ಅಭಿನಯಿಸಿ ತೋರಿಸಿದ.

ಕಂಪನಿಯವನು ಹೇಳಿದನಂತೆ, ಕೆಂಪು ಬಾಲ್ದಿ ಯಾವ ಅಂಗಡಿಯಲ್ಲೂ ಸಿಗುತ್ತದೆ, ಈ ಫೋಟೋ ಎಲ್ಲಿ ಬೇಕಾದರೂ ತೆಗೆದಿರಬಹುದು ಎಂದು. ತಿಮ್ಮಕ್ಕ ರೇಷ್ಮೆ ಸೀರೆಯಲ್ಲಿ ಮುಂದೆ ಬಂದರಂತೆ. ಒಂದು ಕೈಯಲ್ಲಿ ಬಾಲ್ದಿ, ಇನ್ನೊಂದರಲ್ಲಿ ಪುಸ್ತಿಕೆ.

"ಇದು ನಿಮ್ಮ ಪುಸ್ತಕ ಅಲ್ವಾ? ಇದು ನಾನು. ಇದು ನನ್ನ ಬಾಲ್ದಿ. ಈ ಹಗ್ಗ ಕಟ್ಟಿದ್ದು ನಾನು. ಕೆಳಗೆ ಅತ್ತಿಕಯ ಅಂತ ಅಚ್ಚು ಹಾಕಿದ್ದು ನೀವು. ಈಗ ಹೇಳಿ, ನಿಮ್ಮ ಪುಸ್ತಕ ಸುಳ್ಳಾ?"

ಅಭಿರಾಮ್ ಬಂಡೆಯ ಹೊಂಡವನ್ನು ಅಳೆದು ಬರೆದುಕೊಂಡರಂತೆ. ಹೊಸ ಹಿಕ್ಕೆಯನ್ನೂ ಡಬ್ಬಿಯಲ್ಲಿ ತುಂಬಿಸಿಕೊಂಡು ಹೋದರಂತೆ.

"ತೆಗೊಂಡು ಹೋಗುವಾಗ ತಿಮ್ಮಕ್ಕ ಎಂತ ಹೇಳಿದ್ರು ಗೊತ್ತುಂಟಾ? 'ಸ್ವಲ್ಪ ಬಿಡಿ, ಅವಕ್ಕೂ ಬೇಕಂತೆ' ಅಂತ."

ಮಾರ್ಚ್ 7

ಪ್ಲಾಸ್ಟರ್ ಬಿಚ್ಚಿದರು. ಒಳಗಿನಿಂದ ಬಂದ ಕಾಲು ಯಾರದೋ ಗೊತ್ತಿಲ್ಲ.

ಸಮಿತಿಯ ತೀರ್ಮಾನವೂ ಇಂದೇ ಬಂತು. ಅತ್ತಿಕಯದಲ್ಲಿ ನೀರುನಾಯಿಗಳು ಇವೆ. ಬಂಡೆ ಮುಟ್ಟುವ ಹಾಗಿಲ್ಲ, ದೋಣಿ ಬಿಡುವ ಹಾಗಿಲ್ಲ. ಸೇವಂತಿ ಪಾಯಸ ಮಾಡಿದಳು. ಮೋನು ಜಂಕ್ಷನಿನಲ್ಲಿ ಬಾಲ್ದಿಯ ಚಿತ್ರವನ್ನು ದೊಡ್ಡದು ಮಾಡಿ ಅಂಗಡಿಗೆ ಅಂಟಿಸಿದ್ದಾನೆ. ತೆಗೆದವರ ಹೆಸರಿನ ಜಾಗದಲ್ಲಿ "ತಿಮ್ಮಕ್ಕ, ತೀರ್ಥರಾಮ" ಎಂದು ಬರೆದಿದ್ದಾನೆ, ಆ ಕ್ರಮದಲ್ಲೇ. ಇರಲಿ.

ಮಾರ್ಚ್ 9

ಕಡೆಗೂ ಬಂಡೆಗೆ ಇಳಿದೆ. ಒಂದು ಕಡೆ ಮೋನು, ಇನ್ನೊಂದು ಕಡೆ ಕೋಲು. ದೊಡ್ಡ ಕ್ಯಾಮರಾವನ್ನು ಒಂದೂಮುಕ್ಕಾಲು ತಿಂಗಳ ನಂತರ ಕೈಗೆ ತೆಗೆದುಕೊಂಡದ್ದು. ಆರೂಮುಕ್ಕಾಲಿಗೆ ತಿಮ್ಮಕ್ಕ ಒಗೆಯಲು ಶುರು ಮಾಡಿದ್ದರು. ನನ್ನನ್ನು ನೋಡಿ ಸೋಪನ್ನು ಹೊಂಡದಲ್ಲಿಟ್ಟು, ಕೈ ಒರೆಸಿಕೊಂಡರು.

"ಈಗ ತೆಗಿ. ಸರಿಯಾದದ್ದು. ಹೇಳಿ ತೆಗಿ."

ಸೀರೆ ಉಟ್ಟು ಬರುತ್ತೀರಾ ಎಂದು ಕೇಳಿದೆ. "ಬೇಡ," ಎಂದರು, "ಒಗೆಯುವಾಗ ಯಾರು ರೇಷ್ಮೆ ಉಡ್ತಾರೆ?" ನೈಟಿಯಲ್ಲಿಯೇ, ತಲೆಗೆ ಬೈರಾಸು ಸುತ್ತಿಕೊಂಡೇ, ಬಾಲ್ದಿಯ ಪಕ್ಕ ನಿಂತರು. ಉಸಿರು ಬಿಗಿ ಹಿಡಿದರು. ಬಿಡಿ ಎಂದೆ, ಬಿಡಲಿಲ್ಲ. ಆ ದನ ಬಂದು ಬಾಲ್ದಿ ನೆಕ್ಕಿತು, ತಿಮ್ಮಕ್ಕ ಅದಕ್ಕೆ ಬೈದರು, ಆಗ ಒತ್ತಿದೆ.

ಒತ್ತುವ ಹೊತ್ತಿಗೆ ಅವರ ಹಿಂದೆ, ನೀರಿನಿಂದ ಒಂದು ತಲೆ ಎದ್ದಿತ್ತು. ಮೀಸೆಯಿಂದ ನೀರು ಇಳಿಯುತ್ತಿತ್ತು. ಮೋನು ನನ್ನ ತೋಳು ಗಟ್ಟಿಯಾಗಿ ಹಿಡಿದ. ನಾನು ತಿಮ್ಮಕ್ಕನಿಗೆ, "ಅಲ್ಲಾಡಬೇಡಿ, ಇನ್ನೊಂದು," ಎಂದೆ. ಅಷ್ಟರಲ್ಲಿ ತಲೆ ಮುಳುಗಿತು.

ಮನೆಗೆ ಬಂದು ಪರದೆಯಲ್ಲಿ ತೋರಿಸಿದರೆ ಮೋನು ತುಂಬಾ ಹೊತ್ತು ನೋಡಿದ. ಮತ್ತೆ ನನ್ನನ್ನು ನೋಡಿ, ಬೆನ್ನಿಗೆ ಒಂದು ಗುದ್ದು ಗುದ್ದಿ, ನಗುತ್ತಾ ಅಂಗಡಿಗೆ ಹೋದ. ಯಾಕೆ ಎಂದು ಹೇಳಲಿಲ್ಲ. ಈ ಡೈರಿಯನ್ನು ನಾಳೆ ಸೇವಂತಿಗೆ ವಾಪಸು ಕೊಡಬೇಕು, ಹಾಲಿನ ಲೆಕ್ಕ ಬರೆಯಲು ಬೇಕಂತೆ.

ಚಿತ್ರ ಚೆನ್ನಾಗಿ ಬಂದಿದೆ. ನೀರುನಾಯಿ ಸ್ವಲ್ಪ ಮಸುಕಾಗಿದೆ. ತಿಮ್ಮಕ್ಕ ಸ್ಪಷ್ಟವಾಗಿದ್ದಾರೆ.